ಹೊತ್ತಿಗೆ ಮುಂಚೆ ತಿಳಿಯಾದ ಟ್ಯಾಂಕು

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ತಿಳಿಯಮ್ಮ ಎಂದೇ ಕರೆಯುತ್ತಿದ್ದರು. ಹೆಸರು ಇಟ್ಟವನು ಬೀಜದ ಕೋಣೆಯಾತ. ಅವನ ಕೋಣೆಗೂ ಅವಳ ಕೋಣೆಗೂ ನಡುವೆ ದಪ್ಪ ಗಾಜಿನ ಗೋಡೆ, ಆ ಗೋಡೆಯಲ್ಲಿ ಎರಡು ಬಾಗಿಲಿನ ಒಂದು ಪೆಟ್ಟಿಗೆ, ಪಕ್ಕದಲ್ಲಿ ಮಾತಾಡುವುದಕ್ಕೆ ಒಂದು ಫೋನು. ಅವನು ತನ್ನ ಕಡೆ ಬೀಜವೆಂದು ಶುದ್ಧವಾದ ಬ್ಯಾಕ್ಟೀರಿಯಾ ಬೆಳೆಸಿ, ಸೀಸೆಗೆ ತುಂಬಿ, ಪೆಟ್ಟಿಗೆಯೊಳಗೆ ಇಟ್ಟು ತನ್ನ ಬಾಗಿಲು ಮುಚ್ಚುತ್ತಿದ್ದ. ಆಮೇಲೆ ಅವಳು ತನ್ನ ಕಡೆಯ ಬಾಗಿಲು ತೆರೆದು ತೆಗೆದುಕೊಳ್ಳಬೇಕು. ಆ ಬ್ಯಾಕ್ಟೀರಿಯಾವನ್ನು ಇಪ್ಪತ್ತು ಲೀಟರಿನ ಗಾಜಿನ ಟ್ಯಾಂಕಿನಲ್ಲಿ ಬೆಳೆಸಿ, ಸರಿಯಾದ ಹೊತ್ತಿಗೆ ಅದಕ್ಕೆ ವೈರಸ್ ಬಿಟ್ಟು, ವೈರಸ್ ಅದನ್ನೆಲ್ಲ ತಿಂದು ತಾನು ಕೋಟಿ ಕೋಟಿಯಾಗುವ ತನಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅವಳ ಕೆಲಸ. ಮನುಷ್ಯರ ತಂಟೆಗೆ ಬಾರದೆ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವ ವೈರಸ್ ಅದು. ಯಾವ ಮಾತ್ರೆಗೂ ಇಂಜೆಕ್ಷನ್ನಿಗೂ ಬಗ್ಗದ ಗಾಯಗಳಿಗೆ ಮೇಲಿನ ಆಸ್ಪತ್ರೆಯವರು ಅದನ್ನು ಔಷಧಿಯಾಗಿ ಬಳಸುತ್ತಿದ್ದರು.

ಬ್ಯಾಕ್ಟೀರಿಯಾ ಬೆಳೆದಂತೆ ಟ್ಯಾಂಕಿನ ನೀರು ಮಬ್ಬಾಗುತ್ತ ಹೋಗುತ್ತದೆ. ವೈರಸ್ ಗೆದ್ದಾಗ ಆ ಮಬ್ಬು ಒಡೆದು ನೀರು ತಿಳಿಯಾಗುತ್ತದೆ. ತಿಳಿಯಾದ ಕೂಡಲೇ ತೆಗೆಯಬೇಕು. ತಡ ಮಾಡಿದರೆ ವೈರಸ್‌ಗೆ ಜಗ್ಗದೆ ಉಳಿದ ನಾಲ್ಕಾರು ಬ್ಯಾಕ್ಟೀರಿಯಾ ಮತ್ತೆ ಬೆಳೆದು ನೀರನ್ನು ಕೆಡಿಸುತ್ತವೆ. ಹಾಗಾಗಿ ಹದಿನೈದು ನಿಮಿಷಕ್ಕೊಮ್ಮೆ ಒಂದು ಚಮಚದಷ್ಟು ನೀರು ತೆಗೆದು, ಬೆಳಕಿನ ಮೀಟರಿನಲ್ಲಿಟ್ಟು, ಎಷ್ಟು ಮಬ್ಬಿದೆ ಎನ್ನುವ ಅಂಕಿಯನ್ನು ಕಾರ್ಡಿನಲ್ಲಿ ಬರೆಯುತ್ತಿದ್ದಳು. ಗಾಜಿನಾಚೆಯಿಂದ ಬೀಜದ ಕೋಣೆಯಾತ ಫೋನೆತ್ತಿ, "ತಿಳೀತಾ?" ಎನ್ನುತ್ತಿದ್ದ. "ಇನ್ನೂ ತಿಳಿದಿಲ್ಲ" ಎಂದು ಅವಳು. "ನಿಮಗೇ ತಿಳೀದೆ ಹೋದ್ರೆ ಇನ್ಯಾರಿಗೆ ತಿಳಿಯುತ್ತೆ" ಎಂದು ಅವನು. ದಿನಾ ಇದೇ ಮಾತು, ದಿನಾ ಇಬ್ಬರಿಗೂ ಒಂದಿಷ್ಟು ನಗು. ಹಾಗೆ ಹುಟ್ಟಿದ ಹೆಸರು ಹಾಜರಿ ಪುಸ್ತಕದ ಹೆಸರನ್ನೇ ನುಂಗಿಹಾಕಿತು.

ಹನ್ನೊಂದು ವರ್ಷ ಹೀಗೆ ಮಾತಾಡಿದರೂ ಅವರಿಬ್ಬರೂ ಒಂದು ಸಲವೂ ಒಟ್ಟಿಗೆ ಕೂತು ಊಟ ಮಾಡಿರಲಿಲ್ಲ. ನಿಯಮ ಹಾಗಿತ್ತು. ವೈರಸ್ ಕೋಣೆಗೆ ಬೆಳಿಗ್ಗೆ ಕಾಲಿಟ್ಟವರು ಆ ದಿನ ಬೀಜದ ಕೋಣೆಯವರ ಹತ್ತಿರ ಸುಳಿಯುವಂತಿಲ್ಲ. ಬಟ್ಟೆಯ ಮಡಿಕೆಯಲ್ಲೋ ಕೂದಲಿನಲ್ಲೋ ಒಂದೇ ಒಂದು ವೈರಸ್ ಆಚೆ ಹೋದರೂ ಮೂಲ ಬೀಜವೇ ಸತ್ತುಹೋಗುತ್ತದೆ. ಅವರಿಗೆ ಮುಂದಿನ ಬಾಗಿಲು, ಅವಳಿಗೆ ಹಿಂದಿನ ಬಾಗಿಲು. ಅವರಿಗೆ ಮೇಲಿನ ಊಟದ ಕೋಣೆ, ಅವಳಿಗೆ ಕೆಳಗೆ ಪಂಪುಗಳ ಪಕ್ಕದಲ್ಲಿ ಒಂದು ಮೇಜು, ಒಂದೇ ಕುರ್ಚಿ. ಎರಡನೆಯ ಕುರ್ಚಿ ಹಾಕಿಸಿಕೊಡುತ್ತೇವೆಂದು ಆಫೀಸಿನವರು ಮೊದಲ ವರ್ಷ ಕೇಳಿದ್ದರು. ಯಾರು ಕೂರಬೇಕು ಎಂದು ಅವಳೇ ಬೇಡ ಅಂದಿದ್ದಳು.

ಮನೆಯೂ ಅಷ್ಟೇ. ಎರಡನೆಯ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ತೆರೆಯುವ ಒಂದು ಕಿಟಕಿ. ಮದುವೆಯ ಮಾತು ಹರೆಯದಲ್ಲಿ ಎರಡು ಸಲ ಬಂದು ಹೊಸಿಲಲ್ಲೇ ಹಿಂತಿರುಗಿತ್ತು. ಆಮೇಲೆ ಅವಳೂ ಕೇಳಲಿಲ್ಲ, ಯಾರೂ ತರಲಿಲ್ಲ.

ಈ ಊರಿಗೆ ಬರುವ ಮುಂಚೆ ಅವಳಿಗೆ ತುಂಬಿದ ಮನೆಯೊಂದಿತ್ತು. ಅಣ್ಣ, ಅತ್ತಿಗೆ, ಅವರ ಮಗಳು. ಅಪ್ಪ ಅಮ್ಮ ಹೋದ ಮೇಲೆ ಅಣ್ಣನೇ ಅವಳನ್ನು ಓದಿಸಿ, ತಾನು ವ್ಯಾನು ಓಡಿಸುತ್ತಿದ್ದ ಹೆಪ್ಪಿನ ಕಾರ್ಖಾನೆಯಲ್ಲೇ ಕೆಲಸಕ್ಕೆ ಸೇರಿಸಿದ್ದ. ಹಾಲಿನ ಡೈರಿಗಳಿಗೆಲ್ಲ ಹೆಪ್ಪು ತಯಾರಿಸಿ ಕಳಿಸುವ ಕಾರ್ಖಾನೆ ಅದು. ಅಲ್ಲಿ ಅವಳ ಕೆಲಸ ಈಗಿನದಕ್ಕೆ ತೀರಾ ಉಲ್ಟಾ. ಹೆಪ್ಪೂ ಬ್ಯಾಕ್ಟೀರಿಯಾವೇ. ಅದಕ್ಕೆ ವೈರಸ್ ತಗುಲಿತೋ, ಹಾಲು ಹೆಪ್ಪಾಗದೆ ಡೈರಿಗಳಲ್ಲಿ ಸಾವಿರಾರು ಲೀಟರು ಚರಂಡಿಗೆ. ಆ ಶತ್ರು ಬಂತೇ ಎಂದು ಹತ್ತೊಂಬತ್ತು ವರ್ಷ ಅವಳು ದಿನಾ ನೋಡಿದ್ದಳು. ತಿಳಿಯಾಗುವುದೆಂದರೆ ಅಲ್ಲಿ ಸಾವು.

ಒಂದು ಬೆಳಿಗ್ಗೆ ಮೂರನೆಯ ಟ್ಯಾಂಕಿನ ಹೆಪ್ಪು ಹುಳಿ ಏರದೆ ನಿಂತುಬಿಟ್ಟಿತು. ಅದರ ನೀರನ್ನು ಸೋಸಿ, ಚೆನ್ನಾಗಿದ್ದ ಹೆಪ್ಪನ್ನು ತೆಳುವಾಗಿ ಬೆಳೆಸಿದ ಪ್ಲೇಟಿನ ಮೇಲೆ ಬಿಟ್ಟು ನೋಡಿದಳು. ಮಾರನೆಯ ದಿನ ಪ್ಲೇಟಿನ ತುಂಬ ತೂತುಗಳು, ವೈರಸ್ ತಿಂದ ಗುರುತು. ಮ್ಯಾನೇಜರು ಅವಳನ್ನು ಪಕ್ಕಕ್ಕೆ ಕರೆದು, ಈ ವಾರದ ಸರಕು ಹೋಗಿಬಿಡಲಿ, ಆಮೇಲೆ ನೋಡಿಕೊಳ್ಳೋಣ ಎಂದರು. ಅವಳು ಎದುರು ಮಾತಾಡಲಿಲ್ಲ. ಸುಮ್ಮನೆ ಹೋಗಿ ಬ್ಯಾಚಿನ ಕಾರ್ಡಿನ ಮೇಲೆ ಕಳಿಸಬಾರದು ಎಂದು ಬರೆದು ಸಹಿ ಹಾಕಿದಳು. ಬರೆದ ಮೇಲೆ ಯಾರಿಗೂ ಅಳಿಸಲು ಧೈರ್ಯವಿರಲಿಲ್ಲ. ಕಾರ್ಖಾನೆ ತೊಳೆಯುವುದಕ್ಕೆಂದು ನಾಲ್ಕು ತಿಂಗಳು ಮುಚ್ಚಿತು. ನಲವತ್ತು ಜನರನ್ನು ಮನೆಗೆ ಕಳಿಸಿದರು. ಮತ್ತೆ ತೆರೆದಾಗ ಅವರಲ್ಲಿ ಅರ್ಧದಷ್ಟು ಜನರನ್ನು ಕರೆಯಲಿಲ್ಲ. ಕರೆಯದವರ ಪಟ್ಟಿಯಲ್ಲಿ ಅಣ್ಣನೂ ಇದ್ದ.

ವೈರಸ್ ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಾಗಲಿಲ್ಲ. ಆದರೆ ಜನ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆಯೇ? ಪರೀಕ್ಷೆಯ ಕೋಣೆಯಿಂದ ಅವಳೇ ಕೈಯಲ್ಲೋ ಕೋಟಿನಲ್ಲೋ ಹೊತ್ತುಕೊಂಡು ಬಂದಿದ್ದಾಳೆ, ತಾನೇ ತಂದು ತಾನೇ ಹಿಡಿದಳು ಎಂದು ಆಡಿಕೊಂಡರು. ಅತ್ತಿಗೆ ಅದನ್ನು ಮುಖದ ಮೇಲೇ ಹೇಳಿದಳು. ಅಣ್ಣ ಒಂದು ಮಾತೂ ಬೈಯಲಿಲ್ಲ. ಅವನು ಅವಳ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ಅವಳು ಕೋಣೆಯೊಳಗೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದ, ಎದುರಾದರೆ ಗೋಡೆಯನ್ನೋ ನೆಲವನ್ನೋ ನೋಡುತ್ತಿದ್ದ. ಆರು ತಿಂಗಳು ಅದನ್ನು ಸಹಿಸಿ ಅವಳು ಗಂಟುಮೂಟೆ ಕಟ್ಟಿದಳು. ಬೈದಿದ್ದರೆ ಇದ್ದುಬಿಡುತ್ತಿದ್ದಳೇನೋ.

ವೈರಸ್ ಘಟಕದ ಡಾಕ್ಟರಮ್ಮ ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಒಂದೇ ಪ್ರಶ್ನೆ ಕೇಳಿದ್ದರು. ಇಷ್ಟು ವರ್ಷ ಇದನ್ನು ಒಳಗೆ ಬಾರದ ಹಾಗೆ ಕಾದವರು ನೀವು, ಇನ್ನು ಮೇಲೆ ಇದನ್ನೇ ಸಾಕುವುದಕ್ಕೆ ನಿಮ್ಮಿಂದ ಆಗುತ್ತದೆಯೇ? ಆಗುತ್ತದೆ ಅಂದಳು. ಆದರೆ ಮೊದಲ ಸಲ ಟ್ಯಾಂಕು ಕಣ್ಣೆದುರೇ ತಿಳಿಯಾದಾಗ ಅವಳ ಕೈ ತಾನಾಗಿಯೇ ಹೋಗಿ ಯಂತ್ರವನ್ನು ನಿಲ್ಲಿಸಿಬಿಟ್ಟಿತ್ತು. ಹಿಂದೆ ನಿಂತಿದ್ದ ಡಾಕ್ಟರಮ್ಮ ನಕ್ಕರು. ಅವಳೂ ನಕ್ಕಳು.

ಈಗ ಹೇಳಹೊರಟಿರುವುದು ಅವಳ ಐವತ್ತೆರಡನೆಯ ವಯಸ್ಸಿನಲ್ಲಿ ಆದದ್ದು.

ಆ ದಿನಗಳಲ್ಲಿ ಕೆಳಗಿನ ಮೊಗಸಾಲೆಯ ಬೆಂಚಿನ ಮೇಲೆ ಒಬ್ಬ ಮುದುಕರು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತಿರುತ್ತಿದ್ದರು. ಗಡಿಯಾರ ರಿಪೇರಿ ಮಾಡುವವರು. ಅವರ ಹೆಂಡತಿ ಬಟ್ಟೆ ಹೊಲಿಯುವವರು. ಒಂಬತ್ತು ತಿಂಗಳಿಂದ ಕಾಲಿನ ಗಾಯ ಆರದೆ ಮೇಲಿನ ವಾರ್ಡಿನಲ್ಲಿ ಮಲಗಿದ್ದರು. ಎಲ್ಲ ಔಷಧಿಯೂ ಸೋತು ಕೊನೆಗೆ ವೈರಸ್ ಪ್ರಯತ್ನಿಸೋಣವೆಂದು ನಿರ್ಧಾರವಾಗಿತ್ತು. ಶುಕ್ರವಾರದೊಳಗೆ ಗಾಯ ದಾರಿಗೆ ಬಾರದಿದ್ದರೆ ಪಾದ ತೆಗೆಯುವುದೆಂದು ಶಸ್ತ್ರಚಿಕಿತ್ಸೆಯ ಡಾಕ್ಟರು ದಿನ ಗೊತ್ತು ಮಾಡಿದ್ದರು. ವಾರ್ಡಿನಲ್ಲಿ ಸಂಜೆ ಮಾತ್ರ ಬಿಡುತ್ತಿದ್ದುದರಿಂದ ಗಡಿಯಾರದವರು, ಔಷಧಿ ತಯಾರಾಗುವ ಬಾಗಿಲ ಬಳಿಯೇ ಇರುತ್ತೇನೆಂದು ಅಲ್ಲಿ ಬಂದು ಕೂರುತ್ತಿದ್ದರು. ತಿಳಿಯಮ್ಮ ಹಿಂದಿನ ಬಾಗಿಲಿಗೆ ಹೋಗಲು ಅವರ ಮುಂದೆಯೇ ಹಾಯಬೇಕು. ರೋಗಿಯ ಕಡೆಯವರ ಜೊತೆ ಮಾತಾಡಬಾರದೆಂದು ನಿಯಮ. ಆದರೂ ಅವರು ಮುಖ ಎತ್ತಿ, ಇವತ್ತು ಆಗುತ್ತದೆಯೇ ಎಂದು ಕೇಳಿದರೆ ಅವಳು ಇನ್ನೂ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ದಿನಾ ಅವಳ ಮುಖ ನೋಡಿ ಮಾತಾಡಿಸುತ್ತಿದ್ದವರು ಅವರೊಬ್ಬರೇ. ಉಳಿದವರೆಲ್ಲ ಗಾಜಿನಾಚೆ.

ಸೋಮವಾರ ಬೆಳಿಗ್ಗೆ ಬ್ಯಾಚು ಶುರುವಾಯಿತು. ಬೀಜದ ಕೋಣೆಯಾತ ಸೀಸೆ ಕೊಟ್ಟ, ಅವಳು ಟ್ಯಾಂಕಿಗೆ ಬಿಟ್ಟಳು. ಮಬ್ಬಿನ ಅಂಕಿ ಏರತೊಡಗಿತು. ಎಂದಿಗಿಂತ ಸ್ವಲ್ಪ ನಿಧಾನ ಅನ್ನಿಸಿತು. ಹೊರಗೆ ಚಳಿ, ನೀರು ಬಿಸಿಯಾಗಲು ಹೊತ್ತು ಹಿಡಿದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಸರಿಯಾದ ಅಂಕಿ ಬಂದಾಗ ಹತ್ತು ಗಂಟೆಗೆ ವೈರಸ್ ಬಿಟ್ಟಳು. ಈ ವೈರಸ್ ಮಬ್ಬು ಒಡೆಯುವುದಕ್ಕೆ ಮೂರು ಗಂಟೆ ತೆಗೆದುಕೊಳ್ಳುತ್ತದೆ. ನಾಲ್ಕು ಸಲ ಮಾಡಿ ನೋಡಿದ್ದಳು, ನಾಲ್ಕು ಸಲವೂ ಮೂರು ಗಂಟೆ, ಹೆಚ್ಚೆಂದರೆ ಹತ್ತು ನಿಮಿಷ ಆಚೀಚೆ. ಒಡೆಯುವ ಮುಂಚೆ ನೊರೆ ಹಾಲುಕ್ಕಿದ ಹಾಗೆ ಏಳುತ್ತದೆ.

ಹನ್ನೊಂದೂಕಾಲಿಗೆ ಅಂಕಿ ಇಳಿದಿತ್ತು. ಮೀಟರು ಕೆಟ್ಟಿತೇ ಎಂದು ಇನ್ನೊಂದು ಚಮಚ ತೆಗೆದು ಇಟ್ಟಳು. ಇನ್ನೂ ಇಳಿಯಿತು. ಹನ್ನೊಂದೂವರೆಗೆ ಟ್ಯಾಂಕಿನ ಹಿಂದಿನ ಗೋಡೆಯ ಮೇಲೆ ನೇತುಹಾಕಿದ್ದ ಕ್ಯಾಲೆಂಡರಿನ ಅಕ್ಷರಗಳು ನೀರಿನೊಳಗಿಂದ ಕಾಣಿಸಿದವು. ನೊರೆ ಒಂದು ಬೆರಳಿನಷ್ಟೂ ಎದ್ದಿರಲಿಲ್ಲ.

ಗಾಜಿನಾಚೆ ಬೀಜದ ಕೋಣೆಯಾತ ಎರಡೂ ಕೈ ಎತ್ತಿ ಸಂಭ್ರಮ ತೋರಿಸಿದ. ಫೋನೆತ್ತಿ, ಇಷ್ಟು ಬೇಗ ಎಂದೂ ತಿಳಿದಿರಲಿಲ್ಲ ಎಂದ. ಡಾಕ್ಟರಮ್ಮನಿಗೂ ಸುದ್ದಿ ಹೋಯಿತು. ಸೋಸುವವರಿಗೆ ಹೇಳಿ, ಸಂಜೆಯೊಳಗೆ ಮೇಲಕ್ಕೆ ಕಳಿಸಿಬಿಡೋಣ ಎನ್ನುತ್ತ ಅವರೇ ನೀಲಿ ಗೌನು ತೊಟ್ಟು ಕೋಣೆಗೆ ಬಂದರು. ತಿಳಿಯಮ್ಮ ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೀರನ್ನೇ ನೋಡುತ್ತಿದ್ದಳು.

"ಮೇಡಂ, ಇದು ನಮ್ಮದಲ್ಲ" ಅಂದಳು.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅವಳು ಕಾರ್ಡು ತೋರಿಸಿ ಬಿಡಿಸಿ ಹೇಳಿದಳು. ವೈರಸ್ ಬಿಡುವ ಮುಂಚೆಯೇ ಅಂಕಿ ನಿಧಾನವಾಗಿತ್ತು. ಅಂದರೆ ನಾವು ಬಿಡುವುದಕ್ಕಿಂತ ಮೊದಲೇ ಟ್ಯಾಂಕಿನೊಳಗೆ ಬೇರೆ ಯಾವುದೋ ವೈರಸ್ ಸೇರಿಕೊಂಡು ಬೆಳೆಯುತ್ತಿತ್ತು. ಬ್ಯಾಕ್ಟೀರಿಯಾವನ್ನು ತಿಂದು ಮುಗಿಸಿದ್ದು ಅದು. ನಮ್ಮದಕ್ಕೆ ತಿನ್ನಲು ಏನೂ ಉಳಿಯಲಿಲ್ಲ. ಪ್ಲೇಟಿನ ಮೇಲೆ ಹಾಕಿ ನೋಡಿದರೆ ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ.

ಡಾಕ್ಟರಮ್ಮ ಬೆರಳು ಮಡಿಸಿ ದಿನ ಎಣಿಸಿದರು. ಪ್ಲೇಟಿಗೆ ಒಂದು ದಿನ, ಟ್ಯಾಂಕು ಬಿಚ್ಚಿ ತೊಳೆದು ಹೊಸ ಬ್ಯಾಚು ಮಾಡುವುದಕ್ಕೆ ಇನ್ನೆರಡು ದಿನ. ಗುರುವಾರವಾಗುತ್ತದೆ. ಶುಕ್ರವಾರ ಪಾದ.

"ಕೊಲ್ಲೋದಂತೂ ಕೊಂದಿದೆಯಲ್ಲ ತಿಳಿಯಮ್ಮ," ಅಂದರು. "ಯಾವುದಾದ್ರೇನು? ಆ ಗಾಯಕ್ಕೆ ಏನೂ ಕೊಡದೆ ಇರೋದಕ್ಕಿಂತ ಇದು ವಾಸಿ ಅಲ್ವಾ?"

"ಯಾರು ಅಂತಾನೇ ಗೊತ್ತಿಲ್ಲ ಮೇಡಂ. ಗುರುತು ಪರಿಚಯ ಇಲ್ದೋರನ್ನ ಗಾಯದೊಳಗೆ ಹೇಗೆ ಕಳಿಸ್ತೀರಿ? ಹೊಟ್ಟೇಲಿ ಏನು ವಿಷ ಇಟ್ಕೊಂಡು ಬಂದಿದೆಯೋ."

"ನಿಮ್ಮ ಅನುಮಾನ ತಪ್ಪಾಗಿದ್ರೆ?"

"ತಪ್ಪಾಗಿದ್ರೆ ಮೂರು ದಿನ ಹೋಗುತ್ತೆ. ಆ ಅಮ್ಮನ ಕಾಲೂ ಹೋಗಬಹುದು. ಅದು ನನಗೂ ಗೊತ್ತು."

ಹಾಗೆ ಹೇಳಿದವಳ ದನಿ ಗಟ್ಟಿಯಾಗಿಯೇ ಇತ್ತು. ಹಿಂದೆ ಹೆಪ್ಪಿನ ಕಾರ್ಖಾನೆಯಲ್ಲಿ ಕಾರ್ಡಿನ ಮೇಲೆ ಬರೆಯುವಾಗ ಮುಂದೆ ಏನಾಗುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಈ ಸಲ ಚೆನ್ನಾಗಿ ಗೊತ್ತಿತ್ತು. ಡಾಕ್ಟರಮ್ಮ ಕೊನೆಗೆ, ನೀವೇ ಬರೆಯಿರಿ ಎಂದು ಹೇಳಿ ಹೊರಟುಹೋದರು. ಅವಳು ಕಳಿಸಬಾರದು ಎಂದು ಬರೆದು ಸಹಿ ಹಾಕಿದಳು. ಬೀಜದ ಕೋಣೆಯಾತ ಗಾಜಿನ ಹತ್ತಿರ ಬಂದು ಅವಳ ಮುಖ ನೋಡಿದವನು ಫೋನೆತ್ತಲಿಲ್ಲ.

ಆ ಸಂಜೆ ಅವಳು ನಿಯಮ ಮುರಿದಳು. ಸ್ನಾನ ಮಾಡಿ ಬಟ್ಟೆ ಬದಲಿಸಿ ಹೊರಗೆ ಬಂದು, ಹಾಯ್ದುಹೋಗದೆ ಗಡಿಯಾರದವರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಔಷಧಿ ಗುರುವಾರ ಎಂದು ಹೇಳಿದಳು. ಯಾಕೆ ಎನ್ನುವುದನ್ನೂ, ತಡ ಮಾಡಿಸಿದವಳು ತಾನೇ ಎನ್ನುವುದನ್ನೂ ಹೇಳಿದಳು. ಅವರು ಜೇಬಿನಿಂದ ಕರವಸ್ತ್ರ ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಇವತ್ತೇ ಬರುತ್ತೆ ಅಂತ ಅವಳಿಗೆ ಹೇಳಿಬಿಟ್ಟಿದೀನಲ್ಲಮ್ಮ," ಅಂದರು. "ಈಗ ಮೇಲೆ ಹೋಗಿ ಏನು ಹೇಳ್ಲಿ?"

ಅವರು ಎದ್ದು, ಅವಳ ಕಡೆ ನೋಡದೆ, ಮೆಟ್ಟಿಲಿನ ಕಡೆಗೆ ನಡೆದರು. ಮಾರನೆಯ ದಿನ ಅವರು ಬೆಂಚಿನಲ್ಲಿ ಇದ್ದರು. ಅವಳು ಹಾಯುವಾಗ ಮುಖ ಎತ್ತಲಿಲ್ಲ.

ಮಂಗಳವಾರ ಬೆಳಿಗ್ಗೆ ಪ್ಲೇಟು ತೆಗೆದು ನೋಡಿದಳು. ಅವಳು ಬಿಟ್ಟಿದ್ದ ವೈರಸ್ ಬ್ಯಾಕ್ಟೀರಿಯಾದ ತೆಳು ಹಾಸಿನ ಮೇಲೆ ಕೊತ್ತಂಬರಿ ಬೀಜದಷ್ಟು ದೊಡ್ಡ ತೂತು ಮಾಡುತ್ತದೆ, ಸುತ್ತ ಒಂದು ಮಸುಕು ಬಳೆ ಇರುತ್ತದೆ. ಪ್ಲೇಟಿನ ಮೇಲೆ ಅಂಥವು ಹತ್ತೋ ಹನ್ನೆರಡೋ. ಉಳಿದದ್ದೆಲ್ಲ ಸೂಜಿಯಿಂದ ಚುಚ್ಚಿದ ಹಾಗೆ ಸಾವಿರಾರು ಸಣ್ಣ ತೂತುಗಳು. ರೋಗಿಯ ಗಾಯದಿಂದ ತೆಗೆದಿದ್ದ ಬ್ಯಾಕ್ಟೀರಿಯಾದ ಮೇಲೆ ಅದೇ ನೀರನ್ನು ಬಿಟ್ಟಿದ್ದ ಪ್ಲೇಟನ್ನೂ ನೋಡಿದಳು. ಅಲ್ಲಿ ಒಂದು ಮಂಕು ಕಲೆ ಬಿಟ್ಟರೆ ಏನೂ ಇಲ್ಲ. ಟ್ಯಾಂಕಿನ ಬ್ಯಾಕ್ಟೀರಿಯಾವನ್ನು ತಿಂದ ವೈರಸ್ ಗಾಯದ್ದನ್ನು ಮುಟ್ಟಿರಲಿಲ್ಲ. ಕಳಿಸಿದ್ದರೆ ನೀರು ಕಳಿಸಿದ ಹಾಗೇ ಆಗುತ್ತಿತ್ತು. ಡಾಕ್ಟರಮ್ಮ ಎರಡೂ ಪ್ಲೇಟುಗಳನ್ನು ಬೆಳಕಿಗೆ ಹಿಡಿದು ನೋಡಿ, ನೀವು ಹೇಳಿದ್ದೇ ಸರಿ ಎಂದು ಅವಳ ಭುಜ ತಟ್ಟಿದರು.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಟ್ಟು ಹೊಸ ಬ್ಯಾಚಿನ ಕಡೆ ತಿರುಗುತ್ತಿದ್ದರು. ಟ್ಯಾಂಕನ್ನು ಹೇಗೂ ಬಿಚ್ಚಬೇಕಿತ್ತು. ಅವಳು ಒಂದೊಂದು ಭಾಗವನ್ನೂ ಬೇರೆ ಬೇರೆ ಒರೆಸಿ, ಒಂದೊಂದಕ್ಕೂ ಒಂದೊಂದು ಪ್ಲೇಟು ಹಾಕಿದಳು. ಗಾಳಿಯ ಫಿಲ್ಟರು, ಕೊಳವೆ, ಮುಚ್ಚಳ, ನಲ್ಲಿ. ಹದಿನಾಲ್ಕು ಪ್ಲೇಟು. ಬುಧವಾರ ಬೆಳಿಗ್ಗೆ ಹದಿಮೂರು ಶುದ್ಧವಾಗಿದ್ದವು. ಒಂದರಲ್ಲಿ ಸೂಜಿಯ ತೂತುಗಳು. ಅದು ತಳದ ನಲ್ಲಿಯ ರಬ್ಬರ್ ಬಳೆ.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಹಿಂದಿನ ವಾರ ಬೇರೊಬ್ಬ ರೋಗಿಗೆ ಬೇರೊಂದು ವೈರಸ್ ಬೆಳೆಸಿದ ಮೇಲೆ ಆ ಬಳೆಯನ್ನು ಎಸೆದು ಹೊಸದು ಹಾಕಬೇಕಿತ್ತು. ಹೊಸದು ಸ್ಟೋರಿಗೆ ಬಂದಿರಲಿಲ್ಲ. ಒಂದು ಸಲಕ್ಕೆ ಏನಾಗುತ್ತದೆಂದು ಕುದಿಸಿ ಅದನ್ನೇ ಹಾಕಿದ್ದಳು. ರಬ್ಬರಿನಲ್ಲಿ ಉಗುರಿಗೂ ಸಿಗದ ಒಂದು ಬಿರುಕು ಇತ್ತು. ಯಾರೂ ನೋಡಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಬಳೆಯನ್ನು ಕಸದ ಬುಟ್ಟಿಗೆ ಹಾಕಿದರೆ ಆಗುತ್ತಿತ್ತು. ಅವಳು ಕಾರ್ಡು ತೆಗೆದು, ತಪ್ಪು ನನ್ನದು, ಹಳೆಯ ಬಳೆ ಕುದಿಸಿ ಹಾಕಿದ್ದೆ ಎಂದು ಬರೆದಳು. ಬರೆಯುವಾಗ ಅವಮಾನದ ಜೊತೆಗೆ ಇನ್ನೇನೋ ಒಂದು ಆಯಿತು. ಎದೆಯ ಮೇಲಿನ ಕಲ್ಲು ಒಂದಿಷ್ಟು ಜರುಗಿದ ಹಾಗೆ. ಇದು ಎಲ್ಲಿಂದ ಬಂತು ಎನ್ನುವುದು ಗೊತ್ತಾಯಿತಲ್ಲ. ಅಂದು ಹೆಪ್ಪಿನ ಕಾರ್ಖಾನೆಯಲ್ಲಿ ಅವಳು ಹೀಗೆ ಹುಡುಕಿರಲಿಲ್ಲ. ತನ್ನ ಕೋಟು, ತನ್ನ ಚಪ್ಪಲಿ ಒರೆಸಿ ಒಂದು ಪ್ಲೇಟು ಹಾಕಿದ್ದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ಹಾಕಲಿಲ್ಲ. ಹಾಕುವುದಕ್ಕೆ ಹೆದರಿದ್ದಳು.

ಡಾಕ್ಟರಮ್ಮ ಕಾರ್ಡು ಓದಿ ಮುಖ ಗಂಟಿಕ್ಕಿಕೊಂಡರು. ಒಂದು ಎಚ್ಚರಿಕೆಯ ಪತ್ರ ಕೊಟ್ಟರು. ಕೊಟ್ಟ ಮೇಲೆ, ಗುರುವಾರದ ಬ್ಯಾಚು ನಿಮ್ಮ ಕೈಯಲ್ಲೇ ಆಗಬೇಕು ಎಂದರು. ಗುರುವಾರ ವೈರಸ್ ಬಿಟ್ಟ ಮೂರು ಗಂಟೆ ಐದು ನಿಮಿಷಕ್ಕೆ ಟ್ಯಾಂಕಿನ ಮಬ್ಬು ಒಡೆಯಿತು, ನೊರೆ ಮುಚ್ಚಳದವರೆಗೆ ಎದ್ದಿತ್ತು. ಸಂಜೆ ನಾಲ್ಕಕ್ಕೆ ಔಷಧಿ ಮೇಲಕ್ಕೆ ಹೋಯಿತು. ಶಸ್ತ್ರಚಿಕಿತ್ಸೆಯ ಡಾಕ್ಟರು ಒಂದು ವಾರ ತಡೆಯಲು ಒಪ್ಪಿದರು. ಆ ವಾರದಲ್ಲಿ ಗಾಯದ ಕೀವು ನಿಂತಿತು. ಆದರೆ ಆ ಹೊತ್ತಿಗೆ ಎರಡು ಬೆರಳು ಕಪ್ಪಾಗಿದ್ದವು, ಅವನ್ನು ತೆಗೆಯಬೇಕಾಯಿತು. ಪಾದ ಉಳಿಯಿತು. ಸೋಮವಾರವೇ ಸರಿಯಾದ ಔಷಧಿ ಸಿಕ್ಕಿದ್ದರೆ ಬೆರಳೂ ಉಳಿಯುತ್ತಿದ್ದವೇ ಎಂದು ಅವಳು ಡಾಕ್ಟರಮ್ಮನನ್ನು ಕೇಳಿದಳು. ಹೇಳುವುದಕ್ಕಾಗುವುದಿಲ್ಲ ಎಂದು ಅವರು ಅಂದದ್ದು ಅವಳಿಗೆ ಕರುಣೆಯಿಂದ ಅಂದ ಹಾಗೆ ಕೇಳಿಸಿತು.

ಗಡಿಯಾರದವರು ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋದ ದಿನ ಅವಳಿಗೆ ಗೊತ್ತೇ ಆಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬೆಂಚಿನಲ್ಲಿ ಬೇರೆ ಯಾರೋ ಕೂತಿದ್ದರು.

ಅದಾಗಿ ಹತ್ತು ದಿನಕ್ಕೆ, ಒಂದು ಭಾನುವಾರ ಬೆಳಿಗ್ಗೆ ಅವಳು ಅಣ್ಣನ ಊರಿನ ಬಸ್ಸು ಹತ್ತಿದಳು. ಹೇಳದೆ ಕೇಳದೆ ಹೊರಟಿದ್ದಳು. ಹೇಳಿದರೆ ಬೇಡ ಅನ್ನುತ್ತಾರೇನೋ ಎಂಬ ಭಯ. ಬಾಗಿಲು ತೆರೆದದ್ದು ಅತ್ತಿಗೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಒಂದು ಗಳಿಗೆ ಹಾಗೇ ನೋಡಿ, ಬಾ ಎಂದು ದಾರಿ ಬಿಟ್ಟಳು. ಮಗಳು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳಂತೆ. ಅಣ್ಣ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ. ಕಾರ್ಖಾನೆಯ ಕೆಲಸ ಹೋದ ಮೇಲೆ ಎಂಟು ವರ್ಷ ಶಾಲೆಯ ವ್ಯಾನು ಓಡಿಸಿ, ಕಣ್ಣಿಗೆ ಪೊರೆ ಬಂದು ಬಿಟ್ಟಿದ್ದನಂತೆ. ಅವಳನ್ನು ಕಂಡು ಏಳಲು ಹೋದ. ಎದ್ದು ಹೊರಗೆ ಹೋಗುತ್ತಾನೆಂದುಕೊಂಡಳು. ಅವನು ಎದ್ದದ್ದು ಕುರ್ಚಿ ಕೊಡುವುದಕ್ಕೆ.

ಅವಳು ಕೂರಲಿಲ್ಲ. ಕೂತರೆ ಹೇಳಲಾರೆ ಎನ್ನಿಸಿತ್ತು.

"ಅಣ್ಣ, ಆ ವೈರಸ್ ನನ್ನಿಂದಲೇ ಬಂದಿರಬಹುದು," ಅಂದಳು. "ನನಗೆ ಗೊತ್ತಿಲ್ಲ. ಗೊತ್ತು ಮಾಡ್ಕೋಬಹುದಿತ್ತು, ಹೆದರಿ ಮಾಡ್ಕೊಳ್ಳಲಿಲ್ಲ. ಅದನ್ನ ಹೇಳೋಣ ಅಂತ ಬಂದೆ."

ಅಣ್ಣ ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟ.

"ನೀನಲ್ಲ," ಅಂದ. "ನಾನು."

ಅವಳಿಗೆ ಸರಿಯಾಗಿ ಕೇಳಿಸಿತೇ ಇಲ್ಲವೇ ಎನ್ನುವ ಅನುಮಾನ.

"ನೀನು ಮನೇಲಿ ಕನ್ನಡಕ ಮರೆತು ಹೋಗಿದ್ದೆ ಒಂದು ದಿನ. ನಾನು ಡೈರಿಗೆ ಹೋಗಿ ಡಬ್ಬ ಇಳಿಸಿ ಬಂದಿದ್ದೆ. ಅಲ್ಲಿ ಅಂಗಳದ ತುಂಬ ಒಡೆದ ಹಾಲಿನ ನೀರು, ಬೂಟೆಲ್ಲ ತೊಯ್ದಿತ್ತು. ಅದರಲ್ಲೇ ವೈರಸ್ ಇರುತ್ತೆ, ಡ್ರೈವರ್‌ಗಳು ಒಳಗೆ ಬರಬಾರದು ಅಂತ ನೀನೇ ಹೇಳ್ತಿದ್ದೆಯಲ್ಲ. ನನ್ನ ತಂಗಿ ಕನ್ನಡಕ ಇಲ್ದೆ ಏನು ನೋಡ್ತಾಳೆ ಅಂತ ಸೀದಾ ಬಂದು ನಿನ್ನ ಮೇಜಿನ ಮೇಲೆ ಇಟ್ಟು ಹೋದೆ. ಮೂರನೇ ಟ್ಯಾಂಕಿನ ಪಕ್ಕದಲ್ಲೇ ಹಾದು ಬಂದೆ. ಆಮೇಲೆ ನಾಲ್ಕು ದಿನಕ್ಕೆ ನೀನು ಕಾರ್ಡು ಬರೆದೆ."

ಕನ್ನಡಕ ಮೇಜಿನ ಮೇಲೆ ಸಿಕ್ಕಿದ್ದು ಅವಳಿಗೆ ನೆನಪಿತ್ತು. ತಾನೇ ಅಲ್ಲಿ ಬಿಟ್ಟುಹೋಗಿದ್ದೆ ಎಂದುಕೊಂಡಿದ್ದಳು.

"ಎಲ್ಲರೂ ನಿನ್ನ ಮೇಲೆ ಹಾಕಿದಾಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಆಮೇಲೆ ನಿನ್ನ ಮುಖ ನೋಡೋಕೆ ಆಗ್ಲಿಲ್ಲ ನನಗೆ."

ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ಅತ್ತಿಗೆ ನಿಂತಿದ್ದಳು. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. ಟೀ ಚೆಲ್ಲಿತು. "ನನಗೂ ಹೇಳ್ಲಿಲ್ಲ ಈ ಮನುಷ್ಯ," ಅಂದಳು. "ನನ್ನ ಬಾಯಲ್ಲಿ ಏನೆಲ್ಲ ಆಡಿಸ್ಬಿಟ್ರಿ." ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಅವನ ಬೂಟೋ, ಅವಳ ಕೋಟೋ, ಇವೆರಡೂ ಅಲ್ಲದೆ ಗಾಳಿಯೋ. ಈಗ ಯಾವ ಪ್ಲೇಟು ಹಾಕಿದರೂ ಗೊತ್ತಾಗುವಂತಿರಲಿಲ್ಲ. ಆ ಟ್ಯಾಂಕನ್ನು ಮಾರಿ ಎಷ್ಟೋ ವರ್ಷವಾಗಿತ್ತು. ಅವಳು ಅದನ್ನೇ ಅವನಿಗೆ ಹೇಳಿದಳು, ನೀನು ಅಂತಲೂ ಹೇಳುವ ಹಾಗಿಲ್ಲ, ಹುಡುಕದೆ ಯಾರೂ ಹೇಳಲಾರರು ಎಂದಳು. ಅಣ್ಣ ತಲೆಯಾಡಿಸಿದ. ನಂಬಿದ ಹಾಗೆ ಕಾಣಲಿಲ್ಲ. ಹನ್ನೊಂದು ವರ್ಷ ಅಣ್ಣನ ಕೋಪ ಎಂದು ತಾನು ಹೊತ್ತುಕೊಂಡು ತಿರುಗಿದ್ದು ಕೋಪವೇ ಅಲ್ಲ ಎಂದು ಅವಳಿಗೆ ಅರ್ಥವಾಗಿತ್ತು. ಸಂತೋಷವಾಗಬೇಕಿತ್ತು. ಆದರೆ ಆ ಹನ್ನೊಂದು ವರ್ಷ ಊಟದ ಮೇಜಿನ ಒಂದು ಕಡೆ ಅವನೂ, ಇನ್ನೊಂದೂರಿನ ಒಂಟಿ ಕುರ್ಚಿಯಲ್ಲಿ ತಾನೂ ಕೂತದ್ದು ಒಂದೊಂದಾಗಿ ಕಣ್ಣಿಗೆ ಬಂತು.

ಮೂವರೂ ಊಟ ಮಾಡಿದರು. ಅತ್ತಿಗೆ ಎರಡು ಸಲ ಕೇಳಿ ಬಡಿಸಿದಳು. ಕ್ಷಮೆಯ ಮಾತು ಯಾರೂ ಎತ್ತಲಿಲ್ಲ. ನಾಲ್ಕು ಗಂಟೆಯ ಬಸ್ಸಿಗೆ ಅಣ್ಣ ಕೋಲೂರಿಕೊಂಡು ನಿಲ್ದಾಣದವರೆಗೆ ಬಂದ. ದಾರಿಯಲ್ಲಿ ಈಗ ಏನು ಕೆಲಸ ಎಂದು ಕೇಳಿದ. ಅವಳು ಹೇಳಿದಳು. ವೈರಸ್ ಸಾಕುವುದೇ ಎಂದು ಅವನು ನಿಂತು ಅವಳ ಮುಖ ನೋಡಿದ, ಪೊರೆ ಬಂದ ಕಣ್ಣಿಗೆ ಎಷ್ಟು ಕಂಡಿತೋ. ಬಸ್ಸು ಬಂದಾಗ, ತಲುಪಿದ ಮೇಲೆ ಫೋನು ಮಾಡು ಅಂದ.

ಈಗ ಭಾನುವಾರ ಭಾನುವಾರ ಅವರಲ್ಲಿ ಒಬ್ಬರು ಫೋನು ಮಾಡುತ್ತಾರೆ. ಊಟವಾಯಿತೇ, ಆಯಿತು. ಕಣ್ಣಿನ ಆಪರೇಷನ್ನು ಯಾವಾಗ, ಮುಂದಿನ ತಿಂಗಳು. ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ, ನಡುವಿನ ವರ್ಷಗಳ ಸಂಗತಿ ಇಬ್ಬರಿಗೂ ಗೊತ್ತಿಲ್ಲ, ಕೇಳಿದರೆ ಎಲ್ಲಿಂದ ಶುರು ಮಾಡಬೇಕೆಂದೂ ತಿಳಿಯುವುದಿಲ್ಲ. ಐದು ನಿಮಿಷಕ್ಕೆ ಮಾತು ಮುಗಿಯುತ್ತದೆ. ಆದರೂ ಅಣ್ಣ ಕೂಡಲೇ ಫೋನು ಇಡುವುದಿಲ್ಲ. ಆಚೆ ರೇಡಿಯೋ ಸದ್ದು ಕೇಳುತ್ತದೆ, ಅತ್ತಿಗೆ ಪಾತ್ರೆ ಜೋಡಿಸುವ ಸದ್ದು ಕೇಳುತ್ತದೆ. ತಿಳಿಯಮ್ಮ ರಸ್ತೆಯ ಕಡೆಯ ಕಿಟಕಿಯ ಬಳಿ ಫೋನನ್ನು ಕಿವಿಗೆ ಹಿಡಿದು ನಿಂತಿರುತ್ತಾಳೆ. ಅವನು ಇಡುವ ತನಕ ಅವಳು ಇಡುವುದಿಲ್ಲ.